ಪದ್ಮಿನಿ ಮತ್ತು ಮಾರುತಿ 800: ಮೈಸೂರಲ್ಲಿ ಎರಡನ್ನೂ ವರ್ಷಾನುಗಟ್ಟಲೆ ಓಡಿಸಿದ ಮೇಲೆ

ನಮ್ಮನೇಲಿ ಎರಡು ಹಳೇ ಕಾರಿವೆ. ಮಾವನವರ ಕಾಲದಿಂದ ಬಂದ 1978ರ ಪ್ರೀಮಿಯರ್ ಪದ್ಮಿನಿ, ನಾನು ಸೆಕೆಂಡ್ ಹ್ಯಾಂಡಲ್ಲಿ ತಗೊಂಡ 1994ರ ಮಾರುತಿ 800. ಶ್ರೀರಂಗಪಟ್ಟಣದ ಹತ್ತಿರ ‘ಪಯಣ’ ಮ್ಯೂಸಿಯಂ ಆದ ಮೇಲೆ, ಅಲ್ಲಿ ಹಳೇ ಕಾರು ನೋಡಿ ಆಸೆಪಟ್ಟವರು ಯಾವುದು ತಗೊಳ್ಳೋಣ ಅಂತ ಕೇಳ್ತಾನೇ ಇರ್ತಾರೆ.

ಪದ್ಮಿನಿಯಲ್ಲಿ ನನಗೆ ಪ್ರಾಣವಾಗಿರೋದು ಮುಂದಿನ ಸೀಟು. ಗೇರು ಸ್ಟೀರಿಂಗ್ ಪಕ್ಕದಲ್ಲೇ ಇರೋದರಿಂದ ಮಧ್ಯೆ ಅಡ್ಡ ಏನೂ ಇಲ್ಲ, ಈ ಬಾಗಿಲಿಂದ ಆ ಬಾಗಿಲವರೆಗೆ ಒಂದೇ ಸೀಟು. ಸೋಮವಾರ ನಂಜನಗೂಡಿಗೆ ಹೊರಟರೆ ಅಮ್ಮ ನಡುವೆ, ಹಣ್ಣುಕಾಯಿ ಬ್ಯಾಗು ಮಡಿಲಲ್ಲಿ, ಆ ಕಡೆ ನನ್ನ ಹೆಂಡತಿ. ಮೂರು ಜನಾನೂ ಮುಂದೆ ಕೂತು ಮಾತಾಡಿಕೊಂಡು ಹೋಗೋ ಸುಖ ಬೇರೆ ಯಾವ ಕಾರಲ್ಲೂ ನನಗೆ ಸಿಕ್ಕಿಲ್ಲ. ಕಿಟಕಿ ಪಕ್ಕದ ತ್ರಿಕೋನದ ಗಾಜನ್ನ ಪೂರ್ತಿ ಒಳಮುಖ ತಿರುಗಿಸಿದರೆ ಗಾಳಿ ನೇರ ಎದೆಗೇ ಬಡಿಯುತ್ತೆ; ಏಪ್ರಿಲ್ ಬಿಸಿಲಲ್ಲೂ ಅಮ್ಮ ಸೆರಗಲ್ಲಿ ಗಾಳಿ ಹಾಕಿಕೊಳ್ಳಲ್ಲ. ಏಸಿ ಇಲ್ಲದ ನಮ್ಮ 800ರಲ್ಲಿ ಗಾಜು ಇಳಿಸಿದರೂ ಅಷ್ಟು ಗಾಳಿ ಬರಲ್ಲ.

ಬೆಳಿಗ್ಗೆ ಸ್ಟಾರ್ಟ್ ಮಾಡೋದೂ ನಂಗಿಷ್ಟ. ಚೋಕ್ (ತಣ್ಣಗಿರೋ ಇಂಜಿನ್ ಹತ್ತಿಕೊಳ್ಳೋಕೆ ಎಳೆಯೋ ಗುಂಡಿ) ಎಳೆದು, ಇಂಜಿನ್ ಹತ್ತಿಕೊಂಡ ಮೇಲೆ ಶಬ್ದ ಕೇಳ್ತಾ ಕೇಳ್ತಾ ಸ್ವಲ್ಪಸ್ವಲ್ಪವೇ ಒಳಗೆ ತಳ್ಳಬೇಕು. ಅವಸರ ಮಾಡಿದರೆ ಗೇಟಲ್ಲೇ ಆಫ್.

ಆದರೆ ಈಚೆಗೆ ಪದ್ಮಿನಿ ತುಂಬ ನೋಯಿಸಿದೆ. ಪೆಟ್ರೋಲಿಗೆ ಶೇ. 20 ಎಥನಾಲ್ ಬಂದ ಮೇಲೆ ಶೆಡ್ಡಿನ ಬಾಗಿಲು ತೆಗೆದರೆ ಪೆಟ್ರೋಲ್ ವಾಸನೆ. ಆ ಕಾಲದ ಪೆಟ್ರೋಲ್ ಪೈಪಿನ ರಬ್ಬರು ಎಥನಾಲ್ ತಡೆಯೋ ಹಾಗೆ ಮಾಡಿದ್ದಲ್ಲ, ಊದಿಕೊಂಡು ಬಿರುಕು ಬಿಡುತ್ತೆ. ಎಥನಾಲ್ ತಡೆಯೋ ಪೈಪೇ ಬೇಕು ಅಂತ ಕೇಳಿ ತಗೊಂಡೆ, ಅಂಗಡಿಯವರು ಮಾಮೂಲಿ ಪೈಪು ಕೊಟ್ಟು ಕಳಿಸಿದ್ದರು. ‘ಸಾರ್, ಒಂದ್ಸಲ ಹಿಂಡಿ ನೋಡಿ’ ಅಂತ ಮೆಕ್ಯಾನಿಕ್ ಬಿಚ್ಚಿ ಕೈಗಿಟ್ಟಾಗ ಅದು ಬೆರಳಿಗೆ ಅಂಟುತ್ತಿತ್ತು. ಬಿಸಿ ಇಂಜಿನ್ ಮೇಲೆ ಪೆಟ್ರೋಲ್ ಸೋರಿದರೆ ಏನಾಗುತ್ತೆ ಅಂತ ಹೇಳಬೇಕಿಲ್ಲ. ಅಮ್ಮನನ್ನ ಕೂರಿಸಿಕೊಂಡು ಹೋಗೋ ಗಾಡಿ ಅದು, ನೆನೆಸಿಕೊಂಡರೆ ಈಗಲೂ ಸಿಟ್ಟು ಬರುತ್ತೆ.

800ರ ರಬ್ಬರಿಗೂ ಇದೇ ಕಾಟ. ಆದರೆ ಅದು 2014ರ ಜನವರಿವರೆಗೂ ತಯಾರಾಗುತ್ತಿತ್ತು, ಸಾಮಾನು ಎಲ್ಲಿ ಬೇಕಾದರೂ ಸಿಗುತ್ತೆ. ಪದ್ಮಿನಿ ತಯಾರಿಕೆ ನಿಂತು ಎರಡು ದಶಕದ ಮೇಲಾಯ್ತು, ಒಂದೊಂದು ಸಾಮಾನಿಗೂ ಹತ್ತು ಕಡೆ ಫೋನ್ ಮಾಡಬೇಕು. ಚಾಮುಂಡಿ ಬೆಟ್ಟ ಇಳಿಯುವಾಗಲೂ 800ದೇ ಧೈರ್ಯ, ಮುಂದೆ ಡಿಸ್ಕ್ ಬ್ರೇಕಿದೆ. ಪದ್ಮಿನಿಗೆ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು. ಸೆಕೆಂಡ್ ಗೇರಲ್ಲೇ ಇಳಿಸಬೇಕು, ಬ್ರೇಕನ್ನೇ ನಂಬಿದರೆ ಕಾದು ಹಿಡಿತ ಕಮ್ಮಿಯಾಗುತ್ತೆ. ದೇವರಾಜ ಮಾರ್ಕೆಟ್ ಸುತ್ತಮುತ್ತ ಪಾರ್ಕಿಂಗಿಗಂತೂ 800 ಬಿಟ್ಟರೆ ಇಲ್ಲ.

ಹದಿನೈದು ವರ್ಷ ದಾಟಿದ ಗಾಡಿಗೆ ಐದೈದು ವರ್ಷಕ್ಕೊಮ್ಮೆ ರಿಜಿಸ್ಟ್ರೇಷನ್ ನವೀಕರಣದ ಖರ್ಚು ಎರಡಕ್ಕೂ ಇದ್ದೇ ಇದೆ. ನನ್ನ ಹಾಗೆ ಸಂಬಳದಲ್ಲೇ ಎಲ್ಲ ತೂಗಿಸೋರು, ದಿನಾ ಆಫೀಸಿಗೆ ಓಡಿಸೋರು 800 ತಗೊಳ್ಳಿ. ಮನೆಯಲ್ಲಿ ಇನ್ನೊಂದು ಗಾಡಿ ಇದ್ದು, ಹಳೇ ಕೈಯ ಮೆಕ್ಯಾನಿಕ್ ಗೊತ್ತಿದ್ದರೆ ಮಾತ್ರ ಪದ್ಮಿನಿ. ನೋಡೋಕೆ ಹೋದಾಗ ಬಣ್ಣ, ಬಂಪರಿನ ಹೊಳಪು ಆಮೇಲೆ. ಮೊದಲು ಕಾಲಡಿಯ ಮ್ಯಾಟ್ ಎತ್ತಿ ತುಕ್ಕು ನೋಡಿ, ಬಾನೆಟ್ ತೆಗೆಸಿ ಪೆಟ್ರೋಲ್ ಪೈಪನ್ನ ನಿಮ್ಮ ಕೈಯಾರೆ ಹಿಂಡಿ ನೋಡಿ.