ಎಸ್‌ಎಸ್‌ಪಿ ಪೋರ್ಟಲ್: ಅರ್ಜಿ ಹಾಕೋದು ಸುಲಭ, ದುಡ್ಡು ಕೈಗೆ ಬರೋದೇ ಕಷ್ಟ

ಸಂಡೂರು, ಸಿರುಗುಪ್ಪ, ಕುರುಗೋಡು ಕಡೆಯಿಂದ ಬಳ್ಳಾರಿಗೆ ಇಂಜಿನಿಯರಿಂಗ್ ಓದಲು ಬರುವ ಎಸ್‌ಸಿ, ಎಸ್‌ಟಿ ಹುಡುಗರಲ್ಲಿ ಅನೇಕರ ಮನೆಯಲ್ಲಿ ಅವರಿಗಿಂತ ಮೊದಲು ಯಾರೂ ಕಾಲೇಜು ಮೆಟ್ಟಿಲು ಹತ್ತಿಲ್ಲ. ಮೊದಲ ಸೆಮಿಸ್ಟರಿನ ಗಣಿತ, ಅಂದರೆ ಎಂ-ಒನ್ ಪಾಸಾದರೂ ಫೀಸು ಬಾಕಿ ಉಳಿದು ಓದು ನಿಲ್ಲುವ ಭಯ ಇವರಿಗಿದೆ. ಅದಕ್ಕೇ ವಿದ್ಯಾರ್ಥಿವೇತನಕ್ಕೆ ಆನ್‌ಲೈನ್ ಅರ್ಜಿ ಹಾಕುವ ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್ಲನ್ನು (ಎಸ್‌ಎಸ್‌ಪಿ) ಇವರ ಕಣ್ಣಿಂದ ಅಳೆಯಬೇಕು. ಐದಕ್ಕೆ ಮೂರು ಅಂಕ.

ಇಲಾಖೆಗೊಂದು ಅರ್ಜಿ ಹಿಡಿದು ಅಲೆಯುವ ಕಾಟ ತಪ್ಪಿದೆ. ಜಾತಿ, ಆದಾಯ ಪ್ರಮಾಣಪತ್ರದ ಮೇಲೆ ಅಚ್ಚಾಗಿರುವ ಆರ್‌ಡಿ ನಂಬರ್ ಹಾಕಿದರೆ ವಿವರ ತಾನೇ ಬರುತ್ತದೆ. ಎಸ್‌ಸಿ ಹುಡುಗರಿಗೆ ಆದಾಯ ಮಿತಿ ವರ್ಷಕ್ಕೆ 2.5 ಲಕ್ಷ ರೂಪಾಯಿ. ಆದಾಯ ಪ್ರಮಾಣಪತ್ರಕ್ಕೆ 5 ವರ್ಷವಷ್ಟೇ ಆಯುಸ್ಸು. ಪಿಯುಸಿಗೆ ಮಾಡಿಸಿದ್ದು ಡಿಗ್ರಿ ನಡುವೆ ಮುಗಿಯುತ್ತದೆ, ತಾರೀಖು ನೋಡಿಕೊಳ್ಳಿ.

ಎಡವಟ್ಟಾಗೋದು ಹೆಸರಿನಲ್ಲಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ 'ಹುಲುಗಪ್ಪ ಕೆ', ಆಧಾರ್‌ನಲ್ಲಿ 'ಕೆ ಹುಲಗಪ್ಪ', ಜಾತಿ ಪ್ರಮಾಣಪತ್ರದಲ್ಲಿ 'ಹುಲಿಗೆಪ್ಪ'. ಹುಡುಗ ಒಬ್ಬನೇ, ಪೋರ್ಟಲ್ಲಿಗೆ ಮೂವರು. ಅಂಕಪಟ್ಟಿಯನ್ನೇ ಆಧಾರವಾಗಿಟ್ಟುಕೊಂಡು ಉಳಿದವನ್ನು ಅದಕ್ಕೆ ಹೊಂದಿಸಿ. ಆಧಾರ್‌ನಲ್ಲಿ ಹೆಸರು ಬದಲಿಸಲು ಜೀವಮಾನದಲ್ಲಿ ಎರಡೇ ಅವಕಾಶ. ಆಧಾರ್ ಕೇಂದ್ರದ ಕೌಂಟರಿನಲ್ಲಿ ಚೀಟಿ ಕೈಗೆ ಕೊಟ್ಟಾಗ ಒಂದೊಂದೇ ಅಕ್ಷರ ಓದಿ ನೋಡಿ.

ಎರಡನೆಯದು ಬ್ಯಾಂಕ್. ದುಡ್ಡು ಬೀಳುವುದು ಆಧಾರ್‌ಗೆ ಕೊನೆಯದಾಗಿ ಜೋಡಣೆಯಾದ ಖಾತೆಗೆ. ಸಿಮ್ ಕೊಳ್ಳುವಾಗ ಬೆರಳಚ್ಚು ಒತ್ತಿಸಿ ತೆರೆದ ಪೇಮೆಂಟ್ಸ್ ಬ್ಯಾಂಕ್ ಖಾತೆಯೇ ಅದಾಗಿದ್ದರೆ, ಹುಡುಗ ಊರಿನ ಪಾಸ್‌ಬುಕ್ ಎಂಟ್ರಿ ಹಾಕಿಸುತ್ತಾ ಇರುತ್ತಾನೆ, ದುಡ್ಡು ಬೇರೆಲ್ಲೋ ಕೂತಿರುತ್ತದೆ. ಮೈಆಧಾರ್ ತಾಣದಲ್ಲಿ ಬ್ಯಾಂಕ್ ಸೀಡಿಂಗ್ ಸ್ಟೇಟಸ್ ನೋಡಿದರೆ ಬ್ಯಾಂಕಿನ ಹೆಸರು ಬರುತ್ತದೆ. ಖಾತೆಯಲ್ಲಿ 2 ವರ್ಷ ವ್ಯವಹಾರ ಇಲ್ಲದಿದ್ದರೆ ಅದು ನಿಷ್ಕ್ರಿಯ. ಮೊದಲೇ ಕೆವೈಸಿ ಕೊಟ್ಟು ಎಬ್ಬಿಸಿ.

ಎಸ್‌ಸಿ ವಿದ್ಯಾರ್ಥಿವೇತನದಲ್ಲಿ ಕೇಂದ್ರದ ಪಾಲು ಶೇ 60, ರಾಜ್ಯದ್ದು ಶೇ 40. ಇವು ಒಟ್ಟಿಗೆ ಬರುತ್ತವೆಂದು ನಂಬಿ ಕೂರಬೇಡಿ. ಖಾತೆಗೆ ಬಿದ್ದದ್ದರಲ್ಲಿ ಕಾಲೇಜು ಫೀಸೂ ಸೇರಿರಬಹುದು. ಮನೆಯವರ ಸಾಲ ತೀರಿಸಲು ಕೊಟ್ಟುಬಿಟ್ಟರೆ ಆಮೇಲೆ ಕಾಲೇಜಿಗೆ ಕಟ್ಟಲು ಏನೂ ಉಳಿಯದು.

ಸೈಬರ್ ಅಂಗಡಿಯಲ್ಲಿ ಅರ್ಜಿ ಹಾಕಿಸುವವರು ಅಂಗಡಿಯವರ ಮೊಬೈಲ್ ನಂಬರ್ ಹಾಕಲು ಬಿಡಬೇಡಿ, ಪಾಸ್‌ವರ್ಡ್ ಬರೆದಿಟ್ಟುಕೊಳ್ಳಿ. ಪ್ರತಿ ವರ್ಷ ಹೊಸದಾಗಿ ಅರ್ಜಿ ಹಾಕಲೇಬೇಕು. ದಾಖಲೆಗಳನ್ನು ಆನ್‌ಲೈನಿನಲ್ಲಿ ಪರಿಶೀಲಿಸಿ ಒಪ್ಪುವ ಇ-ದೃಢೀಕರಣ ಕಾಲೇಜಿನಲ್ಲಿ ಆಗಬೇಕಾದ್ದರಿಂದ ಕೊನೆಯ ವಾರಕ್ಕೆ ಇಟ್ಟುಕೊಂಡರೆ ಕೆಟ್ಟಂತೆ. ಕಾಲೇಜಿನವರಲ್ಲೂ ಒಂದು ಮಾತು: ಅರ್ಜಿ ಬಾಕಿ ಇರುವವರ ಹೆಸರನ್ನು ಕ್ಲಾಸಿನಲ್ಲಿ ಕೂಗಿ ಓದಬೇಡಿ. ಎದ್ದು ನಿಲ್ಲುವ ಹುಡುಗನ ಜಾತಿ ಎಲ್ಲರಿಗೂ ಗೊತ್ತಾಗುತ್ತದೆ, ಮರುದಿನದಿಂದ ಅವನು ಹಿಂದಿನ ಬೆಂಚಿಗೆ ಹೋಗುತ್ತಾನೆ.

ಪೋರ್ಟಲ್ ಕಳೆದುಕೊಳ್ಳುವ ಎರಡು ಅಂಕವನ್ನು ಸೀನಿಯರ್‌ಗಳು ತುಂಬಬಲ್ಲರು. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಕಪ್ಪು ವಿದ್ಯಾರ್ಥಿಗಳು 1971ರಲ್ಲಿ ಸಂಘ ಕಟ್ಟಿದ್ದು, ಇಂಜಿನಿಯರಿಂಗ್‌ಗೆ ತಮ್ಮವರನ್ನು ಕರೆತರಲು, ಬಂದವರು ಅರ್ಧಕ್ಕೆ ಬಿಟ್ಟು ಹೋಗದಂತೆ ಹಿಡಿದುಕೊಳ್ಳಲು. 1975ರಲ್ಲಿ ಅದು ದೇಶವ್ಯಾಪಿ ಸಂಘಟನೆಯಾಯಿತು. ಇಲ್ಲಿ ಅಷ್ಟು ದೊಡ್ಡದೇನೂ ಬೇಡ. ಅರ್ಜಿ ಶುರುವಾದ ಮೊದಲ ಭಾನುವಾರ ಹಾಸ್ಟೆಲ್ ಊಟದ ಹಾಲ್‌ನಲ್ಲಿ ಕೂತು, ಫಸ್ಟ್ ಇಯರ್ ತಮ್ಮಂದಿರ ಅಂಕಪಟ್ಟಿ, ಆಧಾರ್ ಪಕ್ಕಪಕ್ಕ ಇಟ್ಟು ಹೆಸರು ಹೋಲಿಸಿ ನೋಡಿ.