ಮೂರು ಬೈಕುಗಳಲ್ಲಿ ಒಂದನ್ನು ಮಾರಬೇಕು: ಯೂನಿಕಾರ್ನ್, ಯೆಜ್ಡಿ, ಕ್ಲಾಸಿಕ್ 350ರ ದೀರ್ಘ ಬಳಕೆಯ ಅನುಭವ

ಹಾಸನದ ನಮ್ಮ ಮನೆಯ ಶೆಡ್ಡಿನಲ್ಲಿ ಮೂರು ಬೈಕುಗಳಿಗಷ್ಟೇ ಜಾಗ. ನಾಲ್ಕನೆಯದನ್ನು ಅಂಗಳದಲ್ಲಿ ನಿಲ್ಲಿಸಿ ಮಳೆಗೆ ನೆನೆಸುವ ಮನಸ್ಸಿಲ್ಲ. ಹಾಗಾಗಿ ಹೊಸದೊಂದು ಬರಬೇಕಾದರೆ ಇರುವುದರಲ್ಲಿ ಒಂದು ಹೊರಡಬೇಕು. ಈಗ ಇರುವವು ಅಪ್ಪನ ಕಾಲದ ಯೆಜ್ಡಿ ರೋಡ್‌ಕಿಂಗ್, 2011ರ ಹೋಂಡಾ ಯೂನಿಕಾರ್ನ್ ಮತ್ತು 2014ರ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350. ಸ್ನೇಹಿತರನ್ನು ಕೇಳಿದರೆ ಹೆಚ್ಚಿನವರು ಯೂನಿಕಾರ್ನ್ ಮಾರು ಎನ್ನುತ್ತಾರೆ. ಭಾವ ಮಾತ್ರ, ಯೆಜ್ಡಿಗೆ ಈಗ ಒಳ್ಳೆಯ ಬೆಲೆ ಇದೆ, ಕೊಟ್ಟುಬಿಡಿ ಎಂದರು. ನಾನು ಮಾರಲು ತೀರ್ಮಾನಿಸಿರುವುದು ಕ್ಲಾಸಿಕ್ 350 ಅನ್ನು. ಮೂರರಲ್ಲಿ ಅತಿ ಹೆಚ್ಚು ಇಷ್ಟಪಟ್ಟು ಓಡಿಸಿದ್ದು ಅದನ್ನೇ. ಆದರೂ ಏಕೆ ಮಾರುತ್ತಿದ್ದೇನೆ ಎಂಬುದನ್ನು ವಿವರವಾಗಿ ಬರೆಯುತ್ತೇನೆ. ಮಲೆನಾಡಿನ ಕಡೆ ಓಡಾಟವಿದ್ದು ಇದೇ ಗೊಂದಲದಲ್ಲಿರುವವರಿಗೆ ಉಪಯೋಗವಾದೀತು.

ಮೊದಲು ನನ್ನ ಓಡಾಟದ ರೀತಿ ಹೇಳಬೇಕು. ಅದಿಲ್ಲದೆ ಯಾವ ವಿಮರ್ಶೆಗೂ ಅರ್ಥವಿಲ್ಲ. ಕೆಲಸದ ದಿನಗಳಲ್ಲಿ ಊರೊಳಗೆ ಕಚೇರಿ, ಮಾರುಕಟ್ಟೆ, ಮಗಳ ಟ್ಯೂಷನ್. ವಾರಾಂತ್ಯಗಳಲ್ಲಿ ಹೆಂಡತಿಯೊಂದಿಗೆ ಬೇಲೂರು, ಮೂಡಿಗೆರೆ ದಾಟಿ ಬಣಕಲ್ ಕಡೆಯ ಅವಳ ತವರಿಗೆ. ಹೆದ್ದಾರಿ ಬಿಟ್ಟ ಮೇಲೆ ಕಾಫಿ ತೋಟದ ನಡುವೆ ಮಣ್ಣಿನ ದಾರಿ. ಒಂದು ಇಳಿಜಾರು, ಕೆಳಗೆ ಹಳ್ಳ, ಮತ್ತೆ ಕಡಿದಾದ ಏರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ಏರಿನಲ್ಲಿ ಜೀಪಿನ ಚಕ್ರಗಳು ಕೊರೆದ ಎರಡು ಸಾಲುಗಳಲ್ಲಿ ನೀರು ಹರಿಯುತ್ತಿರುತ್ತದೆ, ನಡುವಿನ ದಿಬ್ಬದ ಮೇಲೆ ಪಾಚಿ ಕಟ್ಟಿರುತ್ತದೆ. ಬೈಕು ಆ ಸಾಲಿನೊಳಗೆ ಇಳಿದೇ ಹೋಗಬೇಕು. ನನ್ನ ನಿರ್ಧಾರ ನಿಂತಿರುವುದು ಆ ಏರಿನ ಮೇಲೆ.

ಯೂನಿಕಾರ್ನ್ ವಿಷಯ ಬೇಗ ಮುಗಿಯುತ್ತದೆ. 149 ಸಿಸಿ ಇಂಜಿನ್, ಹಿಂದೆ ಮೊನೊಶಾಕ್ (ಒಂದೇ ಶಾಕ್ ಅಬ್ಸಾರ್ಬರ್), ಊರೊಳಗೆ ಲೀಟರಿಗೆ 50 ಕಿ.ಮೀ. ಆಸುಪಾಸು ಮೈಲೇಜ್. ಹೊತ್ತಿಗೆ ಸರಿಯಾಗಿ ಇಂಜಿನ್ ಆಯಿಲ್ ಬದಲಾಯಿಸಿದ್ದೇನೆ. ಚೈನ್ ಸ್ಪ್ರಾಕೆಟ್, ಕ್ಲಚ್ ಪ್ಲೇಟ್, ಬ್ಯಾಟರಿ ಸವೆದಾಗ ಹೊಸದು ಹಾಕಿಸಿದ್ದೇನೆ. ಇಂಜಿನ್ ಬಿಚ್ಚಿಲ್ಲ. ಹದಿನೈದು ವರ್ಷ ತುಂಬಿದ ಬೈಕಿನ ನೋಂದಣಿಯನ್ನು ಆರ್‌ಟಿಒದಲ್ಲಿ ತಪಾಸಣೆ ಮಾಡಿಸಿ ಐದು ವರ್ಷಕ್ಕೆ ನವೀಕರಿಸಿಕೊಳ್ಳಬೇಕು. ಆ ಖರ್ಚು ಬರುತ್ತದೆಂದು ಇದನ್ನು ಕೊಟ್ಟುಬಿಡಿ ಎಂದು ಸಲಹೆ ಕೊಡುವವರಿದ್ದಾರೆ. ಮಾರಿದರೆ ಸಿಗುವ ಹಣದಲ್ಲಿ ಇಷ್ಟು ನಂಬಿಕೆಯ ಇನ್ನೊಂದು ಬೈಕು ಸಿಗುವುದಿಲ್ಲ. ಥರ್ಡ್ ಪಾರ್ಟಿ ವಿಮೆಯೂ 150 ಸಿಸಿವರೆಗಿನ ಬೈಕಿಗೆ ತೆರಿಗೆ ಬಿಟ್ಟು ವರ್ಷಕ್ಕೆ 714 ರೂಪಾಯಿ ಮಾತ್ರ. ಇದು ಇರುತ್ತದೆ.

ಯೆಜ್ಡಿಯನ್ನು ಮಾರುವ ಮಾತು ನಮ್ಮ ಮನೆಯಲ್ಲಿ ಏಳುವುದಿಲ್ಲ, ಆದರೆ ಅದನ್ನು ಇಟ್ಟುಕೊಳ್ಳುವುದು ಎಷ್ಟು ಕೆಲಸ ಎಂಬುದನ್ನು ಹೇಳಲೇಬೇಕು. ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಅಲ್ಲಿ ತಯಾರಾದ ಈ 250 ಸಿಸಿ, ಎರಡು ಸೈಲೆನ್ಸರಿನ ಟೂ ಸ್ಟ್ರೋಕ್ ಬೈಕಿನಲ್ಲಿ ಕಿಕ್ಕರ್ ಮತ್ತು ಗೇರ್ ಎರಡಕ್ಕೂ ಒಂದೇ ಲಿವರ್. ಕಿಕ್ ಹೊಡೆದು ಅದನ್ನೇ ಮುಂದಕ್ಕೆ ತಿರುಗಿಸಿ ಗೇರ್ ಹಾಕುವುದನ್ನು ಇಂದಿನ ಹುಡುಗರು ನಿಂತು ನೋಡುತ್ತಾರೆ. ಪೆಟ್ರೋಲಿಗೆ ಅಳತೆ ಹಿಡಿದು ಟೂ ಸ್ಟ್ರೋಕ್ ಆಯಿಲ್ ಬೆರೆಸಬೇಕು. ಕಡಿಮೆಯಾದರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ, ಹೆಚ್ಚಾದರೆ ಪ್ಲಗ್ ಮಸಿ ಕಟ್ಟುತ್ತದೆ.

ಎಥನಾಲ್ ಶೇ 20ರಷ್ಟು ಬೆರೆತ ಪೆಟ್ರೋಲ್ ಎಲ್ಲೆಡೆ ಬಂದ ಮೇಲೆ ಇನ್ನೊಂದು ಜಾಗ್ರತೆ ಸೇರಿಕೊಂಡಿದೆ. ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ. ಮಳೆಗಾಲದಲ್ಲಿ ವಾರಗಟ್ಟಲೆ ನಿಂತ ಬೈಕಿನ ಟ್ಯಾಂಕಿನ ತಳದಲ್ಲಿ ನೀರು ಸೇರಿ ತುಕ್ಕು ಹಿಡಿಯುವ ಅಪಾಯವಿದೆ, ಹಳೆಯ ರಬ್ಬರ್ ಸೀಲುಗಳೂ ಉಬ್ಬುತ್ತವೆ. ಅದಕ್ಕೇ ನಾನು ಯೆಜ್ಡಿಯ ಟ್ಯಾಂಕನ್ನು ಅರ್ಧಕ್ಕೆ ಬಿಡುವುದಿಲ್ಲ. ತುಂಬಿಸಿರುತ್ತೇನೆ ಅಥವಾ ಪೂರ್ತಿ ಖಾಲಿ ಮಾಡಿರುತ್ತೇನೆ. ನಿಲ್ಲಿಸುವಾಗ ಪೆಟ್ರೋಲ್ ಕಾಕ್ ಮುಚ್ಚಿ, ಕಾರ್ಬೊರೇಟರಿನಲ್ಲಿ ಉಳಿದದ್ದು ಉರಿದು ಇಂಜಿನ್ ತಾನಾಗಿ ನಿಲ್ಲುವವರೆಗೆ ಬಿಡುತ್ತೇನೆ. ಕಾರ್ಬೊರೇಟರ್ ಇರುವ ಯಾವ ಹಳೆಯ ಬೈಕಿಗಾದರೂ ಇದನ್ನು ಅಭ್ಯಾಸ ಮಾಡಿಕೊಳ್ಳಿ ಎಂದು ಕೇಳಿಕೊಳ್ಳುತ್ತೇನೆ. ಯೆಜ್ಡಿ ಎಂಬ ಹೆಸರು 2022ರಲ್ಲಿ ಹೊಸ ಬೈಕುಗಳ ಮೇಲೆ ಮರಳಿ ಬಂತು. ಅವು 334 ಸಿಸಿಯ ಫೋರ್ ಸ್ಟ್ರೋಕ್ ಬೈಕುಗಳು. ಓಡಿಸಿ ನೋಡಿದ್ದೇನೆ, ಚೆನ್ನಾಗಿವೆ, ಆದರೆ ಅಪ್ಪನ ಬೈಕಿನ ಜಾಗ ತುಂಬುವಂಥವಲ್ಲ. ಜಾವಾ, ಯೆಜ್ಡಿ ಪ್ರಿಯರು ಜುಲೈ ತಿಂಗಳ ಎರಡನೇ ಭಾನುವಾರ ಆಚರಿಸುವ ಜಾವಾ ದಿನಕ್ಕೆ ಈ ಬೈಕನ್ನು ತೊಳೆದು ಒರೆಸುವಾಗ ಅಪ್ಪನಿಗಾಗುವ ಸಂತೋಷಕ್ಕೆ ಭಾವ ಹೇಳುವ ಯಾವ ಬೆಲೆಯೂ ಸಮವಲ್ಲ.

ಈಗ ಕ್ಲಾಸಿಕ್. ಇದು ಹಳೆಯ 346 ಸಿಸಿ ಇಂಜಿನ್ನಿನದು, 2021ರಲ್ಲಿ ಬಂದ 349 ಸಿಸಿಯ ಹೊಸ ಮಾದರಿಯಲ್ಲ. ಈ ಇಂಜಿನ್ನಿನ ಬೋರ್, ಅಂದರೆ ಸಿಲಿಂಡರಿನ ಅಗಲ 70 ಮಿ.ಮೀ., ಸ್ಟ್ರೋಕ್, ಅಂದರೆ ಪಿಸ್ಟನ್ ಚಲಿಸುವ ದೂರ 90 ಮಿ.ಮೀ. ಪಿಸ್ಟನ್ ಇಷ್ಟು ಉದ್ದಕ್ಕೆ ಚಲಿಸುವುದರಿಂದಲೇ ಕಡಿಮೆ ವೇಗದಲ್ಲಿ ಅದಕ್ಕೆ ಆ ಎಳೆತ. 28 ನ್ಯೂಟನ್ ಮೀಟರ್ ಟಾರ್ಕ್ (ತಿರುಗಿಸುವ ಬಲ) 4000 ಆರ್‌ಪಿಎಂಗೇ, ಅಂದರೆ ಇಂಜಿನ್ ನಿಮಿಷಕ್ಕೆ ಅಷ್ಟು ಸುತ್ತು ತಿರುಗುವಾಗಲೇ ಸಿಗುತ್ತದೆ. ಇಬ್ಬರು ಕುಳಿತು, ಅಕ್ಕಿ ಚೀಲ ಕಟ್ಟಿಕೊಂಡು, ಚಾರ್ಮಾಡಿ ಘಾಟಿಯ ತಿರುವುಗಳನ್ನು ಗೇರು ಬದಲಿಸುವ ಅವಸರವಿಲ್ಲದೆ ಹತ್ತಿದ್ದೇವೆ. ಬೇಲೂರು ರಸ್ತೆಯಲ್ಲಿ ಬೆಳಗ್ಗೆ 70ರ ವೇಗದಲ್ಲಿ ಅದು ಮಾಡುವ ಸದ್ದು ನನಗೆ ಈಗಲೂ ಪ್ರಿಯ. 80 ದಾಟಿದರೆ ಕಾಲುಮಣೆಯಲ್ಲಿ, ಹ್ಯಾಂಡಲ್‌ನಲ್ಲಿ ಕಂಪನ ಶುರುವಾಗುತ್ತದೆ. ಈ ಇಂಜಿನ್ನಿನಲ್ಲಿ ಅದನ್ನು ತಗ್ಗಿಸುವ ಬ್ಯಾಲೆನ್ಸರ್ ಶಾಫ್ಟ್ ಇಲ್ಲ, ಹೊಸ ಮಾದರಿಯಲ್ಲಿದೆ. ನಮ್ಮ ರಸ್ತೆಗಳಲ್ಲಿ 80 ದಾಟುವ ಅಗತ್ಯ ಬೀಳದ್ದರಿಂದ ನನಗೆ ಅದು ಕೊರತೆ ಅನ್ನಿಸಲಿಲ್ಲ. ವಾಲ್ವ್‌ಗಳ ಸಡಿಲವನ್ನು ತಾನೇ ಸರಿಪಡಿಸಿಕೊಳ್ಳುವ ಹೈಡ್ರಾಲಿಕ್ ಟ್ಯಾಪೆಟ್ ಇರುವುದರಿಂದ ಟ್ಯಾಪೆಟ್ ಹೊಂದಿಸುವ ಕೆಲಸವಿಲ್ಲ. ಬ್ಯಾಟರಿ ಸೋತ ಚಳಿಗಾಲದ ಬೆಳಗಿನಲ್ಲಿ ಕಿಕ್ಕರ್ ಕೈ ಹಿಡಿಯುತ್ತದೆ. ಮೈಲೇಜ್ 35ರ ಆಸುಪಾಸು.

ಆದರೆ ಅದರ ಗ್ರೌಂಡ್ ಕ್ಲಿಯರೆನ್ಸ್, ಅಂದರೆ ನೆಲದಿಂದ ಬೈಕಿನ ತಳಕ್ಕಿರುವ ಅಂತರ 135 ಮಿ.ಮೀ. ಡಾಂಬರು ರಸ್ತೆಗೆಂದು ಕಟ್ಟಿದ ಬೈಕಿಗೆ ಅಷ್ಟು ಸಾಕು. ಜೀಪಿನ ಸಾಲಿನೊಳಗೆ ಇಳಿದಾಗ ಮಾತ್ರ ನಡುವಿನ ದಿಬ್ಬಕ್ಕೆ ಸ್ಟ್ಯಾಂಡು, ಸೈಲೆನ್ಸರಿನ ತಳ ತಾಗುತ್ತವೆ, ಹಿಂದಿನ ಚಕ್ರ ಹಿಡಿತ ಕಳೆದುಕೊಳ್ಳುತ್ತದೆ. ಹಾಗಾಗಿ ಮಳೆಗಾಲವಿಡೀ ಹಳ್ಳದ ಬಳಿ ಹೆಂಡತಿ ಇಳಿಯುತ್ತಾಳೆ. ಕೈಯಲ್ಲಿ ಕೊಡೆ, ಹೆಗಲಲ್ಲಿ ಚೀಲ, ಕಾಲಿಗೆ ಜಿಗಣೆ. ಏರು ಮುಗಿಯುವವರೆಗೆ ನಡಿಗೆ. ನಾನು ಖಾಲಿ ಬೈಕನ್ನು ಕಾಲೂರಿಕೊಂಡು ಮೇಲೆ ತರುತ್ತೇನೆ. ಅವಳು ಇದನ್ನು ದೂರಿನಂತೆ ಹೇಳಿದ್ದಿಲ್ಲ. ಈಚೆಗೆ ಅವಳ ಮಂಡಿಯಲ್ಲಿ ನೋವು ಕಾಣಿಸಿಕೊಂಡಿದೆ. ಅವಳ ಅಮ್ಮನ ಮನೆಗೆಂದೇ ಹೊರಡುವ ಬೈಕು ಅವಳನ್ನು ಅಂಗಳದವರೆಗೆ ಕರೆದೊಯ್ಯುವುದಿಲ್ಲ ಎಂದ ಮೇಲೆ ಉಳಿದ ಗುಣಗಳನ್ನು ಲೆಕ್ಕ ಹಾಕುತ್ತ ಕೂರಲು ನನಗೆ ಇಷ್ಟವಿಲ್ಲ. ಜೊತೆಗೆ, ಆ ವರ್ಷದ ಕ್ಲಾಸಿಕ್‌ಗೆ ಹಿಂದೆ ಡ್ರಮ್ ಬ್ರೇಕು, ಜೋರಾಗಿ ಬ್ರೇಕ್ ಹಿಡಿದಾಗ ಚಕ್ರ ಕಚ್ಚಿಕೊಂಡು ಜಾರದಂತೆ ತಡೆಯುವ ಎಬಿಎಸ್ ಇಲ್ಲ. 125 ಸಿಸಿಗಿಂತ ದೊಡ್ಡ ಬೈಕುಗಳೆಲ್ಲಕ್ಕೂ ಎಬಿಎಸ್ ಕಡ್ಡಾಯವಾದದ್ದು 2019ರ ಏಪ್ರಿಲ್‌ನಿಂದ. ಮಂಜು ಮುಸುಕಿದ ಕೊಟ್ಟಿಗೆಹಾರದ ಒದ್ದೆ ರಸ್ತೆಯಲ್ಲಿ ಆ ವ್ಯತ್ಯಾಸ ಸಣ್ಣದಲ್ಲ.

ಬದಲಿಗೆ ಏನು ಎಂಬ ಪ್ರಶ್ನೆಗೆ 2025ರ ಸೆಪ್ಟೆಂಬರ್ 22ರ ಜಿಎಸ್‌ಟಿ ಬದಲಾವಣೆ ಹೊಸ ತಿರುವು ಕೊಟ್ಟಿತು. 350 ಸಿಸಿವರೆಗಿನ ಬೈಕುಗಳಿಗೆ ತೆರಿಗೆ ಶೇ 28ರಿಂದ 18ಕ್ಕೆ ಇಳಿಯಿತು. ಅದಕ್ಕಿಂತ ದೊಡ್ಡವಕ್ಕೆ ಸೆಸ್ ಸೇರಿ ಶೇ 31 ಇದ್ದದ್ದು ಶೇ 40 ಆಯಿತು. ಅದರ ಮೇಲೆ ಕರ್ನಾಟಕದಲ್ಲಿ ಲಕ್ಷ ರೂಪಾಯಿ ಮೀರಿದ ಹೊಸ ಬೈಕಿಗೆ ಶೇ 18ರ ಜೀವಾವಧಿ ತೆರಿಗೆ. ಥರ್ಡ್ ಪಾರ್ಟಿ ವಿಮೆಯೂ 350 ಸಿಸಿಯ ಗೆರೆಯಲ್ಲೇ ಜಿಗಿಯುತ್ತದೆ: 150ರಿಂದ 350 ಸಿಸಿವರೆಗೆ 1,366 ರೂಪಾಯಿ, ಅದರ ಮೇಲೆ 2,804.

ಹೊಸ ಕ್ಲಾಸಿಕ್ 350 ನಿಜಕ್ಕೂ ಆಸೆ ಹುಟ್ಟಿಸಿತು. ಕಂಪನ ಬಹಳ ಕಡಿಮೆ, ಎಬಿಎಸ್ ಇದೆ, ಕ್ಲಿಯರೆನ್ಸ್ 170 ಮಿ.ಮೀ. ಆದರೂ ಅದು ಡಾಂಬರು ರಸ್ತೆಯ ಬೈಕೇ. ಟ್ರಯಂಫ್ ಸ್ಪೀಡ್ 400 ಓಡಿಸಿದಾಗ ಬಹಳ ಸಂತೋಷವಾಯಿತು, ನಮ್ಮ ದಾರಿಗೆ ಅದು ಹೊಂದುವುದಿಲ್ಲ.

ಹೀರೋ ಎಕ್ಸ್‌ಪಲ್ಸ್ 210 ಬಗ್ಗೆ ಎರಡು ಮಾತು ಹೆಚ್ಚು ಹೇಳಬೇಕು. 170 ಕೆ.ಜಿ. ಆಸುಪಾಸಿನ ತೂಕ, 220 ಮಿ.ಮೀ. ಕ್ಲಿಯರೆನ್ಸ್, ಮುಂದೆ 21 ಇಂಚಿನ ಚಕ್ರ, ತೆರಿಗೆ ಕಡಿಮೆ. ಕೆಸರಿನಲ್ಲಿ ಬೈಕು ಮಲಗಿದರೆ ಒಬ್ಬನೇ ಎತ್ತಬಹುದು. ನಾನು ಒಂಟಿ ಸವಾರನಾಗಿದ್ದರೆ ಕಣ್ಣು ಮುಚ್ಚಿ ಇದನ್ನೇ ಕೊಳ್ಳುತ್ತಿದ್ದೆ. ಆದರೆ ಅದರ ಗರಿಷ್ಠ ಟಾರ್ಕ್ 20.7 ನ್ಯೂಟನ್ ಮೀಟರ್ ಸಿಗುವುದು 7250 ಆರ್‌ಪಿಎಂನಲ್ಲಿ. ಇಬ್ಬರನ್ನು ಹೊತ್ತು ಕಡಿದಾದ ಏರಿನಲ್ಲಿ ನಿಧಾನವಾಗಿ ಹತ್ತುವಾಗ ಇಂಜಿನ್ನನ್ನು ಕೂಗಿಸಬೇಕಾಗುತ್ತದೆ. ಕೂಗಿಸಿದರೆ ಪಾಚಿಯ ಮೇಲೆ ಚಕ್ರ ಗಿರಗಿರ ತಿರುಗುತ್ತದೆ. ಹಿಂದಿನ ಸೀಟಿನಲ್ಲಿ ಕುಳಿತು ನೋಡಿದ ಹೆಂಡತಿ, ಮೂಡಿಗೆರೆವರೆಗೆ ಇದರ ಮೇಲೆ ಕೂರಲು ನನ್ನಿಂದಾಗುವುದಿಲ್ಲ ಎಂದು ಸ್ಪಷ್ಟವಾಗಿ ಹೇಳಿದಳು. ಹಿಂದೆ ಕೂರುವವರ ಮಾತನ್ನು ಕೇಳದೆ ಬೈಕು ಆರಿಸಬೇಡಿ. ಟೆಸ್ಟ್ ರೈಡಿಗೆ ಅವರನ್ನೂ ಕರೆದುಕೊಂಡು ಹೋಗಿ.

ರಾಯಲ್ ಎನ್‌ಫೀಲ್ಡ್‌ನ ಹಿಮಾಲಯನ್ 450 ಈ ಕೆಲಸಕ್ಕೆಂದೇ ಹುಟ್ಟಿದ ಬೈಕು. 452 ಸಿಸಿ, 40 ಪಿಎಸ್ ಶಕ್ತಿ, ಆರು ಗೇರು. ಶೋರೂಮಿನವರು ಕೊಟ್ಟ ಬೈಕಿನಲ್ಲಿ ಒಂದು ಸುತ್ತು ಹೋಗಿ ಬಂದ ಮೇಲೆ ಎರಡು ದಿನ ಅದೇ ಗುಂಗು. ಆದರೆ ನನ್ನ ಎತ್ತರ ಐದು ಅಡಿ ಐದಂಗುಲ. 825 ಮಿ.ಮೀ. ಸೀಟಿನ ಮೇಲೆ ಕುಳಿತು, 196 ಕೆ.ಜಿ. ಬೈಕನ್ನು, ಹಿಂದೆ ಹೆಂಡತಿ ಇರುವಾಗ, ಜಾರುವ ಇಳಿಜಾರಿನಲ್ಲಿ ತುದಿಗಾಲಲ್ಲಿ ಹಿಡಿದು ನಿಲ್ಲಿಸಬೇಕು. ಶೇ 40ರ ತೆರಿಗೆಯ ಬಾಧೆ ಅದರ ನಂತರದ್ದು.

ಹೀಗೆ ಒಂದೊಂದನ್ನೇ ಬದಿಗಿಡುತ್ತ ಬಂದಾಗ ಉಳಿದದ್ದು ಹಳೆಯ ಹಿಮಾಲಯನ್ 411. 2016ರಲ್ಲಿ ಬಂದು, 2023ರಲ್ಲಿ 450 ಬಂದಾಗ ನಿಂತುಹೋದ ಮಾದರಿ. ಸೀಟಿನ ಎತ್ತರ 800 ಮಿ.ಮೀ., ಅಂದರೆ ನನ್ನ ಕ್ಲಾಸಿಕ್‌ನಷ್ಟೇ. ಕ್ಲಿಯರೆನ್ಸ್ 220 ಮಿ.ಮೀ. 32 ನ್ಯೂಟನ್ ಮೀಟರ್ ಟಾರ್ಕ್ 4000ದಿಂದ 4500 ಆರ್‌ಪಿಎಂ ಒಳಗೇ ಸಿಗುತ್ತದೆ. ಇದೂ ಉದ್ದ ಸ್ಟ್ರೋಕಿನ ಇಂಜಿನ್ನೇ, ಕ್ಲಾಸಿಕ್‌ನ ಸ್ವಭಾವ ಬಿಟ್ಟಿಲ್ಲ. ಸಹೋದ್ಯೋಗಿಯೊಬ್ಬರ 411 ಅನ್ನು ಕೇಳಿ ತಂದು, ಒಂದು ಮಳೆಯ ಶನಿವಾರ ಬಣಕಲ್‌ಗೆ ಹೋದೆವು. ಹಳ್ಳದ ಬಳಿ ಹೆಂಡತಿ ಎಂದಿನಂತೆ ಇಳಿಯಲು ಕಾಲು ಎತ್ತಿದಳು. ಕೂತಿರು ಎಂದೆ. ಎರಡನೇ ಗೇರಿನಲ್ಲಿ, ಇಂಜಿನ್ನಿನ ಸದ್ದು ಏರದಂತೆ, ಬೈಕು ಸಾಲು ಹಿಡಿದು ಹತ್ತಿತು. ಅತ್ತೆ ಅಂಗಳದಲ್ಲಿ ನಿಂತು ನೋಡಿ, ಇವತ್ತು ನೆನೆಯದೆ ಬಂದಿರಲ್ಲ ಎಂದರು.

ಅದರ ತೂಕ 199 ಕೆ.ಜಿ., ಕ್ಲಾಸಿಕ್‌ಗಿಂತಲೂ ಸ್ವಲ್ಪ ಹೆಚ್ಚೇ. ವಿಮೆ ಮೇಲಿನ ದರದ್ದು. ಹೆದ್ದಾರಿಯಲ್ಲಿ ಓವರ್‌ಟೇಕ್ ಮಾಡುವಾಗ 450ರ ಚುರುಕು ಇರುವುದಿಲ್ಲ. ಇವನ್ನೆಲ್ಲ ತಿಳಿದೇ ಆರಿಸಿದ್ದೇನೆ. ಇದರ ಇಂಜಿನ್ನನ್ನೇ ಹಿಗ್ಗಿಸಿ 2025ರಲ್ಲಿ ಕಂಪನಿ ಸ್ಕ್ರಾಮ್ 440 ಎಂಬ ಬೈಕು ತಂದಿರುವುದರಿಂದ ಬಿಡಿಭಾಗಗಳ ಚಿಂತೆ ಸದ್ಯಕ್ಕಿಲ್ಲ ಎಂಬುದು ನಮ್ಮ ಮೆಕ್ಯಾನಿಕ್‌ನ ಮಾತು, ನನಗೂ ಒಪ್ಪಿಗೆ. ಸೆಕೆಂಡ್ ಹ್ಯಾಂಡ್ ಆದ್ದರಿಂದ ಜಿಎಸ್‌ಟಿಯ ಏರಿಕೆ ನೇರವಾಗಿ ತಟ್ಟುವುದಿಲ್ಲ. ಕರ್ನಾಟಕದ ನೋಂದಣಿಯದಾದರೆ ಜೀವಾವಧಿ ತೆರಿಗೆಯನ್ನು ಮೊದಲ ಮಾಲೀಕರೇ ಕಟ್ಟಿರುತ್ತಾರೆ.

ಕ್ಲಾಸಿಕ್ ಕೊಳ್ಳುವವರಿಗೆ ಎರಡೂ ಕೀಲಿ, ಎಲ್ಲ ಬಿಲ್ಲು, ಎಚ್‌ಎಸ್‌ಆರ್‌ಪಿ ನಂಬರ್ ಪ್ಲೇಟಿನ ಸಹಿತ ಕೊಡುತ್ತೇನೆ. ಒಂದೇ ಷರತ್ತು, ಮಾಲೀಕತ್ವ ವರ್ಗಾವಣೆಯ ಫಾರಂ 29 ಮತ್ತು 30ರ ಅರ್ಜಿ ಸಲ್ಲಿಕೆಯಾದ ಮೇಲೆಯೇ ಬೈಕು ಮನೆಯಿಂದ ಹೊರಡುವುದು. ಸಹಿ ಮಾಡಿದ ಖಾಲಿ ಫಾರಂ ಕೊಟ್ಟು ಕೈ ತೊಳೆದುಕೊಳ್ಳುವ ರೂಢಿ ನಮ್ಮಲ್ಲಿ ಬಹಳ ಇದೆ. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅಪಘಾತದ ಪರಿಹಾರದ ಹೊಣೆ ಅವರದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ, ದಯವಿಟ್ಟು ನೆನಪಿಡಿ. ವಿಮೆಯ ನೋ ಕ್ಲೇಮ್ ಬೋನಸ್ (ಪರಿಹಾರ ಕೇಳದ ವರ್ಷಗಳಿಗೆ ಸಿಗುವ ರಿಯಾಯಿತಿ) ಬೈಕಿನದಲ್ಲ, ಮಾಲೀಕರದು. ಮಾರುವಾಗ ಅದರ ಪ್ರಮಾಣಪತ್ರ ಪಡೆದುಕೊಂಡರೆ ಮುಂದಿನ ಬೈಕಿನ ವಿಮೆಯಲ್ಲಿ ಉಳಿತಾಯವಾಗುತ್ತದೆ.

411 ಹುಡುಕುವಾಗ ನಾನು ನೋಡುತ್ತಿರುವುದು 2020ರ ನಂತರದ ಬಿಎಸ್6 (ಹೊಗೆಯ ಹೊಸ ಮಿತಿಗೆ ಹೊಂದುವ) ಮಾದರಿಯನ್ನು ಮಾತ್ರ. ಅದರಲ್ಲಿ ಹಿಂದಿನ ಚಕ್ರದ ಎಬಿಎಸ್ಸನ್ನು ಗುಂಡಿ ಒತ್ತಿ ನಿಲ್ಲಿಸಬಹುದು, ಮಣ್ಣಿನ ಇಳಿಜಾರಿನಲ್ಲಿ ಇದು ಬೇಕು. ಮುಂದಿನ ಬ್ರೇಕು ಹಿಡಿದು ಬೈಕನ್ನು ಹಿಂದೆ ಮುಂದೆ ಅಲುಗಿಸಿ ಹ್ಯಾಂಡಲ್ ತಿರುಗುವ ಜಾಗದ ಬೇರಿಂಗ್, ಅಂದರೆ ಕೋನ್ ಸೆಟ್ ಸಡಿಲವಾಗಿದೆಯೇ ಎಂದು ನೋಡುತ್ತೇನೆ, ಚಕ್ರ ತಿರುಗಿಸಿ ರಿಮ್ ಸೊಟ್ಟಗಾಗಿದೆಯೇ ಎಂದು ನೋಡುತ್ತೇನೆ, ಇಂಜಿನ್ ತಳದ ಲೋಹದ ತಟ್ಟೆಯಲ್ಲಿ ಪೆಟ್ಟಿನ ಗುರುತು ಹುಡುಕುತ್ತೇನೆ. ಚಿಕ್ಕಮಗಳೂರಿನಲ್ಲಿ ಒಂದು, ಸಕಲೇಶಪುರದಲ್ಲಿ ಒಂದು ನೋಡಿ ಬಂದಿದ್ದೇನೆ. ಸಕಲೇಶಪುರದ್ದು ಕೆಎ-46 ನೋಂದಣಿ, ಒಬ್ಬರೇ ಮಾಲೀಕರು, ಇಂಜಿನ್ನಿನ ಸದ್ದು ಶುದ್ಧವಾಗಿದೆ. ಅವರ ಸಾಲದ ಬಾಕಿ ತೀರಿ ಆರ್‌ಸಿಯಿಂದ ಬ್ಯಾಂಕಿನ ಹೆಸರು ತೆಗೆಯುವುದಷ್ಟೇ ಉಳಿದಿದೆ. ಆ ಕಾಗದ ಕೈಗೆ ಬಂದ ದಿನ ಮುಂಗಡ ಕೊಡುತ್ತೇನೆ.