ಎಂಜಿಬಿಗೆ ಯಾವ ಇಗ್ನಿಷನ್? ಪಾಯಿಂಟ್, ಮಾಡ್ಯೂಲ್, 123: ಒಂದೇ ಕಾರಿನಲ್ಲಿ ಮೂರೂ

ಬ್ರಿಟನ್ನಿನ ಹಳೆಯ ಸ್ಪೋರ್ಟ್ಸ್ ಕಾರು ಎಂಜಿಬಿ ಮಿಸ್ ಹೊಡೆಯಲು ಶುರುವಾದರೆ ಎಲ್ಲರಿಗೂ ಮೊದಲ ಅನುಮಾನ ಪಾಯಿಂಟ್ ಮೇಲೆ, ಅಂದರೆ ತೆರೆದು ಮುಚ್ಚುತ್ತಾ ಕಿಡಿ ಹುಟ್ಟಿಸುವ ಪುಟ್ಟ ಸ್ವಿಚ್ಚಿನ ಮೇಲೆ. ಎಲೆಕ್ಟ್ರಾನಿಕ್ ಮಾಡ್ಯೂಲ್ ತರಿಸಿ, ಪಾಯಿಂಟ್ ಕಿತ್ತು ಅದನ್ನು ಕೂರಿಸುತ್ತಾರೆ. ಕೆಲವು ಕಾರುಗಳಲ್ಲಿ ಕಾಯಿಲೆ ವಾಸಿಯಾಗುತ್ತದೆ. ಹಲವು ಕಾರುಗಳಲ್ಲಿ ಹಾಗೇ ಉಳಿಯುತ್ತದೆ, ಏಕೆಂದರೆ ಕಾಯಿಲೆ ಇದ್ದದ್ದು ಪಾಯಿಂಟ್‌ನಲ್ಲಲ್ಲ, ಅದನ್ನು ಹೊತ್ತ, ಕಿಡಿಯನ್ನು ಒಂದೊಂದು ಸಿಲಿಂಡರಿಗೂ ಹಂಚುವ ಡಿಸ್ಟ್ರಿಬ್ಯೂಟರಿನಲ್ಲಿ.

ಹೋಲಿಕೆಗೆ ಬಳಸಿದ್ದು 1969ರ ಎಂಜಿಬಿ ರೋಡ್‌ಸ್ಟರ್: ಐದು ಬೇರಿಂಗಿನ 1798 ಸಿಸಿ ಎಂಜಿನ್, ಜೋಡಿ ಎಸ್‌ಯು ಎಚ್‌ಎಸ್4 ಕಾರ್ಬುರೇಟರ್, ನೆಗೆಟಿವ್ ಅರ್ತ್ (ಬ್ಯಾಟರಿಯ ನೆಗೆಟಿವ್ ತುದಿ ಕಾರಿನ ಮೈಗೆ ಕಟ್ಟಿದ್ದು). ಪ್ಲಗ್ ಎನ್‌ಜಿಕೆ ಬಿಪಿ6ಇಎಸ್, ಕಿಡಿಗೆ ವೋಲ್ಟೇಜ್ ಏರಿಸುವ ಕಾಯಿಲ್ 3 ಓಮ್‌ನದು, ಕಿಡಿ ಒಯ್ಯುವ ಎಚ್‌ಟಿ (ಹೈ ಟೆನ್ಷನ್) ವೈರುಗಳು ಕಾರ್ಬನ್‌ನವು. ಇವ್ಯಾವುದನ್ನೂ ಬದಲಿಸದೆ ಇಗ್ನಿಷನ್ ಒಂದನ್ನೇ ಬದಲಿಸಿ, ಒಂದೊಂದನ್ನೂ ಸುಮಾರು 2500 ಮೈಲಿ ಓಡಿಸಿದ್ದಾಯಿತು. ಮೊದಲನೆಯದು ಲೂಕಾಸ್ 25ಡಿ4 ಡಿಸ್ಟ್ರಿಬ್ಯೂಟರಿನಲ್ಲಿ ಮಾಮೂಲಿ ಪಾಯಿಂಟ್ ಮತ್ತು ಅದು ಸುಡದಂತೆ ಕಾಯುವ ಕಂಡೆನ್ಸರ್. ಎರಡನೆಯದು ಅದೇ ಡಿಸ್ಟ್ರಿಬ್ಯೂಟರಿನೊಳಗೆ ಕೂರುವ ಅಯಸ್ಕಾಂತದ ಮಾಡ್ಯೂಲ್. ಮೂರನೆಯದು ನೆದರ್ಲೆಂಡ್ಸ್‌ನ 123 ಇಗ್ನಿಷನ್, ಅಂದರೆ ಇಡೀ ಡಿಸ್ಟ್ರಿಬ್ಯೂಟರೇ ಹೊಸದು.

ಆರಂಭಿಸುವ ಮೊದಲು ಹಳೆಯ 25ಡಿ4ನ ಪರೀಕ್ಷೆ ಆಗಲೇಬೇಕು. ಕ್ಯಾಪ್ ತೆಗೆದು ರೋಟರ್ ಕೂರುವ ಶಾಫ್ಟನ್ನು ಬೆರಳಲ್ಲಿ ಹಿಡಿದು ಅಕ್ಕಪಕ್ಕ ಅಲ್ಲಾಡಿಸಿ. ಅದು ಕೈಗೆ ಗೊತ್ತಾಗುವಷ್ಟು ಆಡಿದರೆ ಬುಷ್ ಸವೆದಿದೆ ಎಂದರ್ಥ. ಆಗ ನಾಲ್ಕು ಸಿಲಿಂಡರಿಗೆ ನಾಲ್ಕು ಬೇರೆ ಬೇರೆ ಪಾಯಿಂಟ್ ಗ್ಯಾಪ್ ಬರುತ್ತದೆ. ಆಮೇಲೆ ರೋಟರನ್ನು ಅದು ಸುತ್ತುವ ದಿಕ್ಕಿಗೆ, ಅಂದರೆ ಮೇಲಿಂದ ನೋಡಿದರೆ ಅಪ್ರದಕ್ಷಿಣೆಯಾಗಿ, ತಿರುಚಿ ಬಿಡಿ. ಸ್ಪ್ರಿಂಗ್ ಎಳೆತಕ್ಕೆ ಅದು ಟಕ್ ಎಂದು ವಾಪಸಾಗಬೇಕು. ಸೋಮಾರಿಯಂತೆ ಅರ್ಧಕ್ಕೇ ನಿಂತರೆ, ವೇಗ ಏರಿದಂತೆ ಕಿಡಿಯನ್ನು ಮುಂಚೆ ತರುವ ಕೆಳಗಿನ ವೆಯ್ಟುಗಳು ಒಣಗಿ ಹಿಡಿದುಕೊಂಡಿವೆ, ಇಲ್ಲವೇ ಸ್ಪ್ರಿಂಗ್ ಜೋತುಬಿದ್ದಿದೆ. ಕೊನೆಗೆ ವ್ಯಾಕ್ಯೂಮ್ ಪೈಪನ್ನು ಕಾರ್ಬುರೇಟರ್ ಕಡೆಯಿಂದ ಬಿಚ್ಚಿ ಬಾಯಲ್ಲಿ ಎಳೆದು, ನಾಲಿಗೆಯಿಂದ ಮುಚ್ಚಿ ಹಿಡಿಯಿರಿ. ಹಿಡಿತ ನಿಲ್ಲಬೇಕು. ಗಾಳಿ ಸೋರಿದರೆ ಡಯಾಫ್ರಂ ಹರಿದಿದೆ. ಈ ಮೂರರಲ್ಲಿ ಯಾವುದು ಕೆಟ್ಟಿದ್ದರೂ ಮೊದಲು ಡಿಸ್ಟ್ರಿಬ್ಯೂಟರ್ ರೀಬಿಲ್ಡ್ ಮಾಡಿಸಿ. ಪಾಯಿಂಟೋ ಮಾಡ್ಯೂಲೋ ಎಂಬ ಮಾತು ಆಮೇಲೆ.

ಪಾಯಿಂಟ್

ರೀಬಿಲ್ಡ್ ಆದ 25ಡಿ4ನಲ್ಲಿ ಪಾಯಿಂಟ್ ಎಷ್ಟು ಚೆನ್ನಾಗಿ ಕೆಲಸ ಮಾಡುತ್ತದೆ ಎಂದು ಸವೆದ ಡಿಸ್ಟ್ರಿಬ್ಯೂಟರ್ ಮಾತ್ರ ನೋಡಿದವರಿಗೆ ಗೊತ್ತಾಗುವುದಿಲ್ಲ. ಸ್ಟ್ರೋಬ್ ಲೈಟ್ (ಕಿಡಿಗೆ ತಕ್ಕಂತೆ ಮಿನುಗುವ ದೀಪ) ಹಿಡಿದರೆ ಪುಲ್ಲಿಯ ಗುರುತು ಒಂದೇ ಕಡೆ ನಿಲ್ಲುತ್ತದೆ, ಕುಣಿಯುವುದಿಲ್ಲ. ಚಳಿಗಾಲದ ಬೆಳಿಗ್ಗೆಯೂ ಚೋಕ್ ಎಳೆದರೆ ಎರಡನೇ ಸುತ್ತಿಗೆ ಎಂಜಿನ್ ಹತ್ತಿಕೊಳ್ಳುತ್ತದೆ.

ಗ್ಯಾಪ್ 0.014ರಿಂದ 0.016 ಇಂಚು, ಅಂದರೆ 0.35ರಿಂದ 0.40 ಮಿ.ಮೀ. ಕಾರನ್ನು ನಾಲ್ಕನೇ ಗೇರಿಗೆ ಹಾಕಿ ಮೆಲ್ಲಗೆ ತಳ್ಳಿ, ಪಾಯಿಂಟಿನ ಹಿಮ್ಮಡಿ (ಶಾಫ್ಟಿನ ಕ್ಯಾಮಿಗೆ ಉಜ್ಜುವ ಭಾಗ) ಕ್ಯಾಮಿನ ತುದಿಗೆ ಬಂದಾಗ ಫೀಲರ್ ಗೇಜ್ ಇಟ್ಟು ಕೂರಿಸಿ. ಸ್ಕ್ರೂ ಬಿಗಿ ಮಾಡುವಾಗ ಗ್ಯಾಪ್ ಸರಿಯುತ್ತದೆ, ಹಾಗಾಗಿ ಬಿಗಿ ಮಾಡಿದ ಮೇಲೆ ಮತ್ತೊಮ್ಮೆ ಅಳೆಯಲೇಬೇಕು. ಓಡಿದ ಪಾಯಿಂಟಿಗೆ ಫೀಲರ್ ಗೇಜ್ ಸುಳ್ಳು ಹೇಳುತ್ತದೆ. ಒಂದು ಮುಖದಲ್ಲಿ ಗುಳಿ, ಇನ್ನೊಂದರಲ್ಲಿ ದಿಬ್ಬ ಬೆಳೆದಿರುತ್ತದೆ, ಗೇಜ್ ದಿಬ್ಬದ ಮೇಲೆ ಕೂರುತ್ತದೆ. ಡ್ವೆಲ್ ಮೀಟರ್ (ಪಾಯಿಂಟ್ ಎಷ್ಟು ಡಿಗ್ರಿ ಮುಚ್ಚಿರುತ್ತದೆ ಎಂದು ಅಳೆಯುವುದು) ಇದ್ದರೆ 60 ಡಿಗ್ರಿಗೆ ಹೊಂದಿಸಿ, ಮೂರು ಡಿಗ್ರಿ ಆಚೀಚೆ ಆದರೂ ನಡೆಯುತ್ತದೆ.

ಪಾಯಿಂಟಿನ ನಿಜವಾದ ದೌರ್ಬಲ್ಯ ಹಿಮ್ಮಡಿಯ ಸವೆತ. ಹಿಮ್ಮಡಿ ಸವೆದಂತೆ ಗ್ಯಾಪ್ ಕಿರಿದಾಗಿ ಡ್ವೆಲ್ ಏರುತ್ತದೆ, ಟೈಮಿಂಗ್ ಹಿಂದೆ ಸರಿಯುತ್ತದೆ. ಡ್ವೆಲ್ ಒಂದು ಡಿಗ್ರಿ ಏರಿದರೆ ಟೈಮಿಂಗ್ ಕ್ರ್ಯಾಂಕಿನ ಲೆಕ್ಕದಲ್ಲಿ ಸುಮಾರು ಒಂದು ಡಿಗ್ರಿ ರಿಟಾರ್ಡ್. 2500 ಮೈಲಿಯಲ್ಲಿ ಡ್ವೆಲ್ 60ರಿಂದ 64ಕ್ಕೆ ಹೋಗಿತ್ತು. ಓಡಿಸುವಾಗ ಇದು ಗೊತ್ತಾಗುವುದೇ ಇಲ್ಲ. ಪಿಕಪ್ ಅಷ್ಟಿಷ್ಟೇ ಇಳಿಯುತ್ತಾ ಬರುತ್ತದೆ, ಅದಕ್ಕೇ ನಾವು ಒಗ್ಗಿಹೋಗುತ್ತೇವೆ. ಕ್ಯಾಮಿಗೆ ತೆಳುವಾಗಿ ಗ್ರೀಸ್ ಸವರಿದ್ದರೆ ಸವೆತ ಎಷ್ಟೋ ಕಡಿಮೆ. ರೋಟರ್ ತೆಗೆದಾಗ ಕಾಣುವ ಸ್ಕ್ರೂ ಮೇಲೆ ಎರಡು ಹನಿ ಎಂಜಿನ್ ಆಯಿಲ್ ಬಿಡಿ. ಸ್ಕ್ರೂ ಬಿಚ್ಚುವುದು ಬೇಡ, ಎಣ್ಣೆ ಅದರ ಪಕ್ಕದಿಂದ ತಾನೇ ಇಳಿಯುತ್ತದೆ. ಹೆಚ್ಚು ಸುರಿದರೆ ಪಾಯಿಂಟಿನ ಮುಖಕ್ಕೆ ಹಾರಿ ಕಪ್ಪಾಗಿ ಮಿಸ್ಸಿಂಗ್ ಶುರುವಾಗುತ್ತದೆ.

25ಡಿ4ನಲ್ಲಿ ಹೊಸಬರು ಸೋಲುವ ಜಾಗ ಪಾಯಿಂಟಿನ ಸ್ಪ್ರಿಂಗ್ ಕೂರುವ ಪುಟ್ಟ ಕಂಬ. ಟೋಪಿಯಂಥ ಪ್ಲಾಸ್ಟಿಕ್ ಬುಷ್ ಒಂದು ಆ ಕಂಬಕ್ಕೂ ಸ್ಪ್ರಿಂಗಿಗೂ ನಡುವೆ ಬರಬೇಕು. ಕಂಡೆನ್ಸರಿನ ವೈರ್ ಮತ್ತು ಕಾಯಿಲಿಂದ ಬರುವ ವೈರ್, ಎರಡರ ತುದಿಯೂ ಸ್ಪ್ರಿಂಗಿಗೆ ತಾಗಬೇಕು, ಕಂಬಕ್ಕಾಗಲೀ ನಟ್ಟಿಗಾಗಲೀ ತಾಗಬಾರದು. ಬುಷ್ ತಲೆಕೆಳಗಾದರೆ, ಇಲ್ಲವೇ ವೈರಿನ ತುದಿ ಬುಷ್‌ನ ಆಚೆ ಬದಿಗೆ ಹೋದರೆ ಕಾಯಿಲ್ ಸದಾ ಅರ್ತ್ ಆಗಿಯೇ ಇರುತ್ತದೆ. ಪಾಯಿಂಟ್ ತೆರೆದು ಮುಚ್ಚುತ್ತಿರುವುದು ಕಣ್ಣಿಗೆ ಕಾಣುತ್ತದೆ, ಕಿಡಿ ಮಾತ್ರ ಇಲ್ಲ.

ಇನ್ನೊಂದು ಕಳ್ಳ ಜಾಗ, ಪಾಯಿಂಟ್ ಕೂರುವ ಬೇಸ್ ಪ್ಲೇಟನ್ನು ಡಿಸ್ಟ್ರಿಬ್ಯೂಟರಿನ ಬಾಡಿಯೊಂದಿಗೆ ಅರ್ತ್ ಮಾಡುವ, ಬಟ್ಟೆ ಹೊದಿಸಿದ ಸಣ್ಣ ವೈರ್. ವ್ಯಾಕ್ಯೂಮ್ ಎಳೆದಾಗಲೆಲ್ಲ ಪ್ಲೇಟ್ ತಿರುಗಿ ಈ ವೈರ್ ಬಾಗುತ್ತದೆ, ವರ್ಷಗಳಲ್ಲಿ ಒಳಗಿನ ತಂತಿ ತುಂಡಾಗುತ್ತದೆ. ಹೊರಗೆ ಬಟ್ಟೆ ಮಾತ್ರ ನೆಟ್ಟಗಿರುತ್ತದೆ. ಐಡ್ಲಿಂಗ್ ಸರಿ, ಪೂರ್ತಿ ಆಕ್ಸಿಲರೇಟರ್ ಕೊಟ್ಟರೂ ಸರಿ, ಆದರೆ ಐವತ್ತು ಮೈಲಿ ವೇಗದಲ್ಲಿ ನೆಮ್ಮದಿಯಾಗಿ ಹೋಗುವಾಗ ಎಂಜಿನ್ ಕಡಿದು ಕಡಿದು ಓಡುತ್ತದೆ ಎಂದರೆ ಮೊದಲು ಈ ವೈರನ್ನೇ ನೋಡಿ.

ಕಂಡೆನ್ಸರ್ ಮತ್ತು ರೋಟರ್ ವಿಷಯದಲ್ಲಿ ಹೊಸದು ಎಂದರೆ ಒಳ್ಳೆಯದು ಎಂದಲ್ಲ. ಇಂದು ಸಿಗುವ ಕಂಡೆನ್ಸರುಗಳಲ್ಲಿ ಬಿಸಿಯಾದ ಕೂಡಲೇ ಕೈಕೊಡುವವು ಬೇಕಾದಷ್ಟಿವೆ. ಪಾಯಿಂಟಿನ ನಡುವೆ ನೀಲಿ ಬೆಂಕಿ ದೊಡ್ಡದಾಗಿ ಹಾರುತ್ತಿದ್ದರೆ ತಪ್ಪು ಕಂಡೆನ್ಸರಿನದು. ಓಡುತ್ತಿರುವ ಹಳೆಯ ಕಂಡೆನ್ಸರನ್ನು ಸರ್ವಿಸ್ ನೆಪದಲ್ಲಿ ಬದಲಿಸಬೇಡಿ. ರೋಟರಿನಲ್ಲಿ ಹಿತ್ತಾಳೆಯ ಪಟ್ಟಿಯನ್ನು ರಿವೆಟ್ ಹೊಡೆದು ಕೂರಿಸಿದ್ದರೆ, ಆ ರಿವೆಟ್ಟಿನ ತುದಿಯಿಂದ ಪ್ಲಾಸ್ಟಿಕ್ ಸೀಳಿ ಕಿಡಿ ಶಾಫ್ಟಿಗೆ ಇಳಿಯುತ್ತದೆ. ಪರೀಕ್ಷೆ ಸುಲಭ: ಕಾಯಿಲಿನ ಎಚ್‌ಟಿ ವೈರನ್ನು ಇನ್ಸುಲೇಟೆಡ್ ಇಕ್ಕಳದಲ್ಲಿ ಹಿಡಿದು ರೋಟರಿನ ಹಿತ್ತಾಳೆಗೆ 3 ಮಿ.ಮೀ. ದೂರದಲ್ಲಿಟ್ಟು, ಇಗ್ನಿಷನ್ ಹಾಕಿ ಪಾಯಿಂಟನ್ನು ಮರದ ಕಡ್ಡಿಯಿಂದ ತೆರೆಯಿರಿ. ಕಿಡಿ ಹಾರಿದರೆ ರೋಟರ್ ಸೋರುತ್ತಿದೆ. ರಿವೆಟ್ ಇಲ್ಲದ ಕೆಂಪು ರೋಟರ್ ಹಾಕುವುದು ಒಳ್ಳೆಯದು. ಇದು ಮಾಡ್ಯೂಲ್ ಹಾಕುವವರಿಗೂ ಅನ್ವಯ, ಏಕೆಂದರೆ ಅಲ್ಲಿಯೂ ಇದೇ ರೋಟರ್.

ಟೈಮಿಂಗಿಗೆ ಒಂದು 12 ವೋಲ್ಟ್ ಬಲ್ಬ್ ಸಾಕು. ಒಂದನೇ ಸಿಲಿಂಡರ್ ಕಂಪ್ರೆಷನ್‌ನಲ್ಲಿದ್ದು ಪುಲ್ಲಿಯ ಗುರುತು ಟಾಪ್‌ಗೆ (ಪಿಸ್ಟನ್ ತುತ್ತತುದಿ ಮುಟ್ಟುವ ಜಾಗಕ್ಕೆ) 10 ಡಿಗ್ರಿ ಮೊದಲು ನಿಂತಿರಲಿ. ಬಲ್ಬನ್ನು ಡಿಸ್ಟ್ರಿಬ್ಯೂಟರಿನ ಪಕ್ಕದ ಟರ್ಮಿನಲ್ಲಿಗೂ ಅರ್ತಿಗೂ ಕಟ್ಟಿ, ಇಗ್ನಿಷನ್ ಹಾಕಿ, ಬಾಡಿಯನ್ನು ಮೊದಲು ಅಪ್ರದಕ್ಷಿಣೆಯಾಗಿ ತಿರುಗಿಸಿ ಬಲ್ಬ್ ಆರಿಸಿ. ನಂತರ ಪ್ರದಕ್ಷಿಣೆಯಾಗಿ ನಿಧಾನಕ್ಕೆ ತಿರುಗಿಸುತ್ತಾ ಬಲ್ಬ್ ಹತ್ತಿದ ಕ್ಷಣಕ್ಕೆ ನಿಲ್ಲಿಸಿ ಬಿಗಿ ಮಾಡಿ. ಚೂರುಪಾರು ತಿದ್ದಲು 25ಡಿ4ಗೆ ಬೆರಳಲ್ಲಿ ತಿರುಗಿಸುವ ಗಾಲಿ ಇದೆ, 11 ಕ್ಲಿಕ್ಕಿಗೆ ಒಂದು ಡಿಗ್ರಿ. ಇಷ್ಟು ಚಂದದ ಸೌಲಭ್ಯ ಮಿಕ್ಕ ಎರಡರಲ್ಲಿ 123ಕ್ಕೆ ಇಲ್ಲ. ನಮ್ಮ ಅಂಬಾಸಿಡರಿನ 1489 ಸಿಸಿ ಎಂಜಿನ್ ಕೂಡ ಇದೇ ಬಿಎಂಸಿ ಬಿ-ಸೀರೀಸ್ ಮನೆತನದ್ದು, ಫೈರಿಂಗ್ ಆರ್ಡರ್ ಅದೇ 1-3-4-2. ಹಾಗಾಗಿ ಅಂಬಾಸಿಡರ್ ಬಿಚ್ಚಿ ಕಟ್ಟಿದ ಹಳೆಯ ಮೆಕ್ಯಾನಿಕ್‌ಗಳಿಗೆ ಈ ಬಲ್ಬಿನ ಕೆಲಸ ನೀರು ಕುಡಿದಷ್ಟು ಸಲೀಸು.

ಮಾಡ್ಯೂಲ್

ಪಾಯಿಂಟ್ ಮತ್ತು ಕಂಡೆನ್ಸರ್ ತೆಗೆದು, ಆ ಜಾಗಕ್ಕೆ ಮಾಡ್ಯೂಲ್ ಕೂರಿಸಿ, ಕ್ಯಾಮಿನ ಮೇಲೆ ಅಯಸ್ಕಾಂತದ ಉಂಗುರ ಒತ್ತಿ, ರೋಟರ್ ಹಾಕಿದರೆ ಆಯಿತು. ಕೆಂಪು ವೈರ್ ಕಾಯಿಲಿನ ಪಾಸಿಟಿವ್‌ಗೆ, ಕಪ್ಪು ನೆಗೆಟಿವ್‌ಗೆ. ಅರ್ಧ ಗಂಟೆ ಸಾಕು. ಉಂಗುರ ಪೂರ್ತಿ ಕೆಳಗೆ ಕೂರದಿದ್ದರೆ ರೋಟರ್ ಎತ್ತರವಾಗಿ ನಿಂತು ಕ್ಯಾಪಿಗೆ ಉಜ್ಜುತ್ತದೆ, ಇದನ್ನು ಮಾತ್ರ ಗಮನಿಸಿ.

ಉಜ್ಜುವ ಹಿಮ್ಮಡಿ ಇಲ್ಲದ್ದರಿಂದ ಟೈಮಿಂಗ್ ಕದಲುವುದೇ ಇಲ್ಲ. 2500 ಮೈಲಿಯ ನಂತರ ಸ್ಟ್ರೋಬ್ ಹಿಡಿದರೂ ಗುರುತು ಮೊದಲು ಬಿಟ್ಟ ಜಾಗದಲ್ಲೇ ಇತ್ತು. ಪ್ಲಗ್ ಗ್ಯಾಪನ್ನು 0.025 ಇಂಚಿನಿಂದ 0.030ಕ್ಕೆ ಏರಿಸಬಹುದು, ಐಡ್ಲಿಂಗ್ ಕೊಂಚ ನಯವಾಗುತ್ತದೆ. ಆದರೆ ಪಿಕಪ್‌ನಲ್ಲಿ, ಹೊಸದಾಗಿ ಕೂರಿಸಿದ ಪಾಯಿಂಟಿಗೂ ಇದಕ್ಕೂ ವ್ಯತ್ಯಾಸವಿಲ್ಲ. ನಾಲ್ಕನೇ ಗೇರಿನಲ್ಲಿ 30 ಮೈಲಿ ವೇಗದಿಂದ ಏರು ಹತ್ತಿಸಿದರೆ ಎರಡೂ ಒಂದೇ. ಅಡ್ವಾನ್ಸ್ ಕೊಡುವುದು, ಅಂದರೆ ಕಿಡಿಯನ್ನು ಮುಂಚೆ ತರುವುದು, ಅದೇ ಹಳೆಯ ವೆಯ್ಟು, ಸ್ಪ್ರಿಂಗ್ ಮತ್ತು ಡಯಾಫ್ರಂ. ವೆಯ್ಟು ಹಿಡಿದುಕೊಂಡಿದ್ದರೆ ಮಾಡ್ಯೂಲ್ ಏನೂ ಮಾಡಲಾರದು.

ಮಾಡ್ಯೂಲ್ ಸಾಯುವುದಕ್ಕೆ ಕಾರಣಗಳು ಬಹುತೇಕ ನಾವೇ ಮಾಡುವಂಥವು. ವೈರ್ ಅದಲುಬದಲು ಆದರೆ ಆ ಕ್ಷಣಕ್ಕೇ ಮುಗಿಯಿತು. 1967ಕ್ಕೆ ಮುಂಚಿನ ಎಂಜಿಬಿಗಳು ಪಾಸಿಟಿವ್ ಅರ್ತ್, ಅವುಗಳಿಗೆ ಬೇರೆಯೇ ಮಾಡ್ಯೂಲ್ ಬೇಕು. ಎಂಜಿನ್ ಓಡದಿರುವಾಗ ಇಗ್ನಿಷನ್ ಹಾಕಿ ಬಿಟ್ಟರೆ, ಸಾದಾ ಮಾಡ್ಯೂಲುಗಳಲ್ಲಿ ಕರೆಂಟ್ ಹರಿಯುತ್ತಲೇ ಇದ್ದು ಒಳಗಿನ ಟ್ರಾನ್ಸಿಸ್ಟರ್ ಬೆಂದುಹೋಗುತ್ತದೆ. ರೇಡಿಯೋ ಕೇಳಲು ಕೀ ತಿರುಗಿಸಿಟ್ಟರೂ ಇದೇ ಗತಿ. ಕಾಯಿಲ್ 3 ಓಮ್‌ಗಿಂತ ಕಡಿಮೆ ಇದ್ದರೂ ಹಾಗೇ. ಆಮೇಲೆ ಬಂದ ರಬ್ಬರ್ ಬಂಪರ್ ಎಂಜಿಬಿಗಳಲ್ಲಿ 1.5 ಓಮ್ ಕಾಯಿಲಿಗೆ ಬ್ಯಾಲಾಸ್ಟ್ (ವೋಲ್ಟೇಜ್ ಇಳಿಸುವ) ವೈರ್ ಸೇರಿಸಿರುತ್ತಾರೆ, ಅಲ್ಲಿ ಮಾಡ್ಯೂಲಿನ ಕೆಂಪು ವೈರಿಗೆ ಬ್ಯಾಲಾಸ್ಟ್‌ಗಿಂತ ಮೊದಲೇ ಪೂರ್ತಿ 12 ವೋಲ್ಟ್ ಕೊಡಬೇಕು. ತಾಮ್ರದ ಎಚ್‌ಟಿ ವೈರೂ ಬೇಡ, ಅದರ ಗದ್ದಲ ಮಾಡ್ಯೂಲನ್ನು ಗಲಿಬಿಲಿಗೊಳಿಸುತ್ತದೆ.

ಪಾಯಿಂಟಿಗಿಂತ ಇದು ಹಿಂದೆ ಬೀಳುವ ಒಂದು ಸಂದರ್ಭ ಬ್ಯಾಟರಿ ಸೋತಾಗ. ಈ ಕಾರಿನಲ್ಲಿ ಸೀಟಿನ ಹಿಂದೆ 6 ವೋಲ್ಟಿನ ಎರಡು ಬ್ಯಾಟರಿಗಳಿವೆ, ಅವನ್ನು ಜೋಡಿಸುವ ಕೇಬಲ್ಲಿನ ತುದಿ ಹಸಿರು ಹಿಡಿದಿದ್ದರೆ ಸೆಲ್ಫ್ ಹೊಡೆಯುವಾಗ ವೋಲ್ಟೇಜ್ 9ರ ಕೆಳಗೆ ಇಳಿಯುತ್ತದೆ. ಎಂಜಿನ್ ಸುತ್ತುತ್ತದೆ, ಮಾಡ್ಯೂಲ್ ಎಚ್ಚರವಾಗುವುದಿಲ್ಲ. ಕೀ ಬಿಟ್ಟ ಕೂಡಲೇ ಒಂದು ಸಲ ಡುಬ್ ಎನ್ನುತ್ತದೆ. ಆ ಸದ್ದು ಕೇಳಿದರೆ ಮಾಡ್ಯೂಲ್ ಬದಲಿಸಲು ಹೋಗದೆ ಕೇಬಲ್ ಉಜ್ಜಿ.

ಟ್ಯಾಕೋಮೀಟರ್ ಮುಳ್ಳು ಕುಣಿಯತೊಡಗಿದರೆ ಕಾರಣ ಇದು: ಆ ಕಾಲದ ಮೀಟರ್ ಕಾಯಿಲಿಗೆ ಹೋಗುವ ಬಿಳಿ ವೈರಿನ ಕರೆಂಟನ್ನು ಎಣಿಸುತ್ತದೆ. ಮಾಡ್ಯೂಲಿನ ಕೆಂಪು ವೈರನ್ನು ಮೀಟರಿಗೆ ಹೋಗುವ ಮೊದಲೇ ತೆಗೆದುಕೊಂಡರೆ ಮೀಟರಿನೊಳಗೆ ಕಾಯಿಲಿನ ಕರೆಂಟ್ ಮಾತ್ರ ಹರಿಯುತ್ತದೆ.

123

ಬೆಲೆ ಕೆಲವು ನೂರು ಪೌಂಡ್. ಮಾಡ್ಯೂಲ್ ಇದಕ್ಕಿಂತ ಎಷ್ಟೋ ಅಗ್ಗ, ಪಾಯಿಂಟ್ ಸೆಟ್ ಅದಕ್ಕಿಂತಲೂ ಅಗ್ಗ. ಕೊಟ್ಟ ಹಣಕ್ಕೆ ಸಿಗುವುದು ಸವೆಯದ ಅಡ್ವಾನ್ಸ್. ವೆಯ್ಟಿಲ್ಲ, ಸ್ಪ್ರಿಂಗಿಲ್ಲ. 16 ಕರ್ವುಗಳಲ್ಲಿ (ಯಾವ ವೇಗಕ್ಕೆ ಎಷ್ಟು ಅಡ್ವಾನ್ಸ್ ಎಂಬ ಪಟ್ಟಿಗಳಲ್ಲಿ) ಒಂದನ್ನು ಕೆಳಗಿನ ಸ್ವಿಚ್ಚಿನಲ್ಲಿ ಆರಿಸುತ್ತೀರಿ, ಬ್ಲೂಟೂತ್ ಮಾದರಿಯಲ್ಲಿ ಫೋನಿನಿಂದಲೇ ಕರ್ವ್ ಬರೆಯಬಹುದು. ಟೈಮಿಂಗ್ ಕೂರಿಸಲು ಒಳಗೇ ಹಸಿರು ದೀಪವಿದೆ. ಎಂಜಿನ್ ನಿಂತಿದ್ದರೆ ಕಾಯಿಲಿನ ಕರೆಂಟನ್ನು ತಾನೇ ಕಡಿದುಹಾಕುತ್ತದೆ, ಸೋತ ಬ್ಯಾಟರಿಯಲ್ಲೂ ಕಿಡಿ ಕೊಡುತ್ತದೆ.

ಮೂರರಲ್ಲಿ ಐಡ್ಲಿಂಗ್ ಅತ್ಯಂತ ನಯವಾದದ್ದು ಇದರಲ್ಲೇ. 1500ರಿಂದ 2500 ಆರ್‌ಪಿಎಂ ನಡುವೆ, ಅಂದರೆ ಹಳ್ಳಿ ರಸ್ತೆಯಲ್ಲಿ ಗೇರ್ ಬದಲಿಸದೆ ತಿರುವಿನಿಂದ ಎದ್ದು ಹೋಗುವಾಗ, ಎಳೆತ ಹೆಚ್ಚಿದ್ದು ಖಚಿತವಾಗಿ ಗೊತ್ತಾಯಿತು. ಆದರೆ ಕರ್ವ್ ಆಯ್ಕೆ ತಪ್ಪಿದರೆ ಅದೇ ಜಾಗದಲ್ಲಿ ನಾಕಿಂಗ್ ಬರುತ್ತದೆ. ವ್ಯಾಕ್ಯೂಮ್ ಪೈಪ್ ಕಾರ್ಬುರೇಟರಿನದೋ ಮ್ಯಾನಿಫೋಲ್ಡಿನದೋ ಎಂದು ಮೊದಲು ನೋಡಿ. ಕಾರ್ಬುರೇಟರಿನದಾದರೆ ಐಡ್ಲಿಂಗ್‌ನಲ್ಲಿ ವ್ಯಾಕ್ಯೂಮ್ ಇರುವುದಿಲ್ಲ, ಮ್ಯಾನಿಫೋಲ್ಡಿನದಾದರೆ ಐಡ್ಲಿಂಗ್‌ನಲ್ಲೇ ಪೂರ್ತಿ ಅಡ್ವಾನ್ಸ್ ಬಂದು ಆರ್‌ಪಿಎಂ ಏರುತ್ತದೆ. ಸ್ಟ್ರೋಬ್ ಹಿಡಿಯುವಾಗ ಪೈಪ್ ಕಿತ್ತು ಬಾಯಿ ಮುಚ್ಚಿರಿ.

ಡಿಸ್ಟ್ರಿಬ್ಯೂಟರಿನ ಬಾಡಿಯೇ ಹೋಗಿರುವ ಕಾರಿಗೆ, ಕ್ಯಾಮ್ ಅಥವಾ ಹೆಡ್ ಬದಲಿಸಿ ಕಾರ್ಖಾನೆಯ ಕರ್ವ್ ಹೊಂದದ ಎಂಜಿನ್ನಿಗೆ 123 ಸರಿಯಾದ ಆಯ್ಕೆ. ಕಾರ್ಖಾನೆಯಿಂದ ಬಂದಂತೆಯೇ ಇರುವ ಎಂಜಿನ್ನಿಗೆ ಅಷ್ಟು ಹಣ ಸುರಿಯುವ ಅಗತ್ಯ ನನಗೆ ಕಾಣುವುದಿಲ್ಲ, ಆ ದುಡ್ಡಿನಲ್ಲಿ 25ಡಿ4 ರೀಬಿಲ್ಡ್ ಮಾಡಿಸಿ ಕಿಂಗ್‌ಪಿನ್ನಿನ (ಮುಂದಿನ ಚಕ್ರ ತಿರುಗುವ ಕೀಲಿನ) ಕೆಲಸಕ್ಕೂ ಉಳಿಸಬಹುದು. ವರ್ಷಕ್ಕೆ ಸಾವಿರ ಮೈಲಿ ಓಡಿಸಿ, ಕೈಗೆ ಗ್ರೀಸ್ ಹತ್ತಿಸಿಕೊಳ್ಳಲು ಖುಷಿಪಡುವವರು ಪಾಯಿಂಟನ್ನೇ ಇಟ್ಟುಕೊಳ್ಳಲಿ. ದೂರ ಓಡಿಸುವವರಿಗೆ ರೀಬಿಲ್ಡ್ ಆದ 25ಡಿ4 ಮತ್ತು ಅದರೊಳಗೆ ಮಾಡ್ಯೂಲ್.

ಪಾಯಿಂಟ್ ಕೆಟ್ಟರೆ ದಾರಿಯಲ್ಲಿ ಎಮರಿ ಪೇಪರಿನಿಂದ ಉಜ್ಜಿ ಮನೆ ಸೇರಬಹುದು, ಮಾಡ್ಯೂಲ್ ಕೆಟ್ಟರೆ ಉಜ್ಜಲು ಏನೂ ಇಲ್ಲ. ಅದಕ್ಕೆ ಡಿಕ್ಕಿಯಲ್ಲಿ ಇನ್ನೊಂದು 25ಡಿ4 ಬೇಸ್ ಪ್ಲೇಟ್ ಇರಲಿ, ಪಾಯಿಂಟ್, ಕಂಡೆನ್ಸರ್, ವೈರು ಎಲ್ಲ ಕಟ್ಟಿದ್ದು. ಎತ್ತಿಡುವ ಮುನ್ನ ನಿಮ್ಮ ಡಿಸ್ಟ್ರಿಬ್ಯೂಟರಿಗೇ ಒಮ್ಮೆ ಕೂರಿಸಿ, ಅದರ ಕ್ಯಾಮಿನ ಮೇಲೆ ಗ್ಯಾಪ್ 0.015ಕ್ಕೆ ಹೊಂದಿಸಿ, ಟೈಮಿಂಗ್ ಮಾಡಿ, ಬಾಡಿ ಮತ್ತು ಬ್ಲಾಕ್ ಸೇರುವಲ್ಲಿ ಬಿಳಿ ಬಣ್ಣದ ಗೆರೆ ಎಳೆಯಿರಿ. ಮಾಡ್ಯೂಲಿನ ಟೈಮಿಂಗಿಗೆ ಹಳದಿ ಗೆರೆ. ರಸ್ತೆ ಬದಿಯಲ್ಲಿ ಕ್ಯಾಮಿನ ಮೇಲಿನ ಅಯಸ್ಕಾಂತದ ಉಂಗುರ ಎತ್ತಿ ತೆಗೆದು, ಎರಡು ಸ್ಕ್ರೂ ಬಿಚ್ಚಿ ಪ್ಲೇಟ್ ಮತ್ತು ವೈರು ಬದಲಿಸಿ, ವ್ಯಾಕ್ಯೂಮಿನ ಕೊಕ್ಕೆ ಸಿಕ್ಕಿಸಿ, ಬಾಡಿಯನ್ನು ಹಳದಿಯಿಂದ ಬಿಳಿಗೆ ತಿರುಗಿಸಿದರೆ ಹದಿನೈದು ನಿಮಿಷದಲ್ಲಿ ಎಂಜಿನ್ ಸ್ಟಾರ್ಟ್. ಆ ಎರಡು ಸ್ಕ್ರೂಗಳು ಚಿಕ್ಕವು, ಬಿದ್ದರೆ ಎಂಜಿನ್ನಿನ ಅಡಿಗೆ ಹೋಗಿ ಸೇರುತ್ತವೆ, ಹಾಗಾಗಿ ಪ್ಲೇಟಿನ ಜೊತೆ ಅದೇ ಡಬ್ಬಿಯಲ್ಲಿ ನಾಲ್ಕು ಸ್ಕ್ರೂ ಹೆಚ್ಚಿಗೆ ಹಾಕಿಡಿ.